ದಿನಾ ಬೆಳಗ್ಗೆ ಒಂದು

“ಆ ಡಬ್ಬ ಮುಟ್ಟಬೇಡಿ!”

ನಾನು ಕೂಗಿದ ರಭಸಕ್ಕೆ ನಮ್ಮ ಹುಡುಗಿಯ ನಾದಿನಿ ಬೆಚ್ಚಿ ಕೈ ಹಿಂದೆಳೆದುಕೊಂಡಳು.

ಅದೊಂದು ಹಳೇ ಬಿಸ್ಕತ್ತಿನ ಡಬ್ಬ. ಅಡುಗೆಮನೆಯ ಕಪಾಟಿನಲ್ಲಿ ಹಿಟ್ಟಿನ ಡಬ್ಬಗಳ ಹಿಂದೆ ಇತ್ತು. ಊಟದ ಮೇಜಿನ ಮೇಲೆ ಬೋರಲು ಹಾಕಿದೆ. ಸುರಿದದ್ದು ಮಾತ್ರೆಗಳಲ್ಲ, ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು. ಈ ಮನೆಯ ಹಿರಿಯಮ್ಮ ದಾರದ ತುಂಡನ್ನೂ ಎಸೆಯುವವರಲ್ಲ. ಖಾಲಿ ಸ್ಟ್ರಿಪ್ಪನ್ನೂ ಎಸೆದಿರಲಿಲ್ಲ.

“ನೋಡಿದ್ರಾ? ಇಷ್ಟನ್ನೂ ನಮ್ಮಮ್ಮನ ಹೊಟ್ಟೆಗೆ ತುರುಕಿದ್ದಾಳೆ. ತನ್ನ ಕೈಯಾರೆ!” ಎಂದಳು ನಾದಿನಿ.

ಬಾಗಿಲಿಗೆ ಒರಗಿದ್ದ ನಮ್ಮ ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಮ್ಮ ಹುಡುಗಿ ಅಂದರೆ ನನ್ನ ತಂಗಿಯ ಮಗಳು. ತಂಗಿ ಕಣ್ಣು ಮುಚ್ಚಿದಾಗ ಇವಳಿಗೆ ಆರು ವರ್ಷ. ಅಲ್ಲಿಂದ ಈ ಮನೆಗೆ ಸೊಸೆಯಾಗಿ ಕಳಿಸುವ ತನಕ ಸಾಕಿದವಳು ನಾನು. ನನಗೆ ಬೇರೆ ಮಕ್ಕಳಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ.

ಅವಳ ಅತ್ತೆ, ಆ ಹಿರಿಯಮ್ಮ, ಎಂಟು ದಿನದಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾರೆ. ವಾರಕ್ಕೊಂದು ನುಂಗಬೇಕಾದ ವಿಟಮಿನ್ ಡಿ ಕ್ಯಾಪ್ಸೂಲನ್ನು ದಿನಕ್ಕೊಂದರಂತೆ ನುಂಗಿ ಕಿಡ್ನಿ ಕೆಟ್ಟಿದೆ. ಕೊಟ್ಟವಳು ಸೊಸೆ. ದೂರು ಕೊಟ್ಟವಳು ನಾದಿನಿ. ಗಂಡನಾದವನು ಆಸ್ಪತ್ರೆಯ ಬೆಂಚು ಬಿಟ್ಟು ಏಳುತ್ತಿಲ್ಲ, ಹೆಂಡತಿಯ ಮುಖವನ್ನೂ ನೋಡುತ್ತಿಲ್ಲ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಠಾಣೆಯ ಸಾಹೇಬರು ಬಂದು ನಮ್ಮ ಹುಡುಗಿಯನ್ನು ಕರೆದೊಯ್ಯುತ್ತಾರೆ. “ಅಷ್ಟರೊಳಗೆ ನೀವೇನಾದ್ರೂ ತೋರಿಸಿದ್ರೆ ಸರಿ ಮೇಡಂ, ಇಲ್ದಿದ್ರೆ ನನ್ನ ಕೈಯಲ್ಲೂ ಇಲ್ಲ” ಎಂದಿದ್ದರು. ಗೋಡೆಯ ಗಡಿಯಾರದಲ್ಲಿ ಆಗಲೇ ಒಂಬತ್ತೂವರೆ.

ಔಷಧ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವಳು ನಾನು. ನಿವೃತ್ತಿಯಾಗಿ ಎರಡು ವರ್ಷವಾದರೂ ಜನ ಇನ್ನೂ ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಾರೆ. ಮಂಡಿ ಸವೆದಿದೆ, ನಾಲಿಗೆ ಸವೆದಿಲ್ಲ.

ಕನ್ನಡಕ ಏರಿಸಿ ಒಂದೊಂದೇ ತುಂಡನ್ನು ಸಾಲಾಗಿ ಜೋಡಿಸಿದೆ. ಒಂದೂ ಇಡೀ ಸ್ಟ್ರಿಪ್ ಅಲ್ಲ. ಎಲ್ಲವೂ ಕತ್ತರಿಯಲ್ಲಿ ಕತ್ತರಿಸಿದವು. ನಾಲ್ಕು ಗುಳಿಯ ತುಂಡುಗಳು, ಕೆಲವು ಕಡೆ ಎರಡೆರಡು ಗುಳಿಯವು. ಎರಡರ ತುಂಡುಗಳ ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನಿನ ತೂತು.

“ಎಪ್ಪತ್ತಾರು” ಎಂದೆ.

“ಲೆಕ್ಕ ಮಾಡಿದ್ರೆ ನಮ್ಮಮ್ಮ ಎದ್ದು ಕೂರ್ತಾರಾ?” ನಾದಿನಿ ಸಿಡುಕಿದಳು.

“ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ಏಳಬಹುದು.”

ಅವಳು ಮುಖ ತಿರುಗಿಸಿದಳು. ಅಷ್ಟು ಒರಟಾಗಿ ಹೇಳಬಾರದಿತ್ತು. ಮಲಗಿರುವುದು ಅವಳ ತಾಯಿ. ಆದರೆ ನನಗೆ ಕೋಪ ಬಂದರೆ ಮಾತು ಮೊದಲು ಹೊರಡುತ್ತದೆ, ಬುದ್ಧಿ ಆಮೇಲೆ.

ಒಂದು ತುಂಡನ್ನು ಹುಡುಗಿಯ ಮುಂದೆ ಹಿಡಿದೆ. “ಇದರ ಮೇಲೆ ಏನು ಬರೆದಿದೆ ಓದು.”

“ಏನೂ ಇಲ್ಲ ದೊಡ್ಡಮ್ಮ. ಅರ್ಧ ಹೆಸರಿದೆ ಅಷ್ಟೆ.”

“ವಾರಕ್ಕೊಂದು ಅನ್ನೋದನ್ನ ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಅಚ್ಚು ಹಾಕಿರ್ತಾರೆ. ಕತ್ತರಿಸಿದಾಗ ಆ ತುದಿ ಯಾರಿಗೆ ಹೋಗುತ್ತೋ ಅವರಿಗೆ ಮಾತ್ರ ಗೊತ್ತಾಗುತ್ತೆ. ನೀನು ದಿನಕ್ಕೊಂದು ಯಾಕೆ ಕೊಟ್ಟೆ?”

“ಚೀಟೀಲಿ ಹಾಗೇ ಇತ್ತು. ಅತ್ತೆ ತೋರಿಸಿದ್ರು. ದಿನಾ ಬೆಳಗ್ಗೆ ಒಂದು ಅಂತ. ನಾನು ಓದಿ, ತಿಂಡಿ ಆದ್ಮೇಲೆ ನೀರಿನ ಜೊತೆ ಕೊಡ್ತಿದ್ದೆ.”

“ಆ ಚೀಟಿ ಎಲ್ಲಿ?”

“ಅತ್ತೆ ಪರ್ಸಲ್ಲಿ. ಪರ್ಸು ಅವರ ಜೊತೆಗೇ ಆಸ್ಪತ್ರೆಗೆ ಹೋಯ್ತು.”

ನನ್ನ ಎದೆಯ ಭಾರ ಒಂದಿಷ್ಟು ಇಳಿಯಿತು. ಹೀಗೆ ನಾಲ್ಕು ನಾಲ್ಕಾಗಿ ಕತ್ತರಿಸಿ, ಪಿನ್ ಹೊಡೆದು ಕೊಡುವುದು ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಮಾತ್ರ. ಖಾಸಗಿಯವರು ಕತ್ತರಿಸಿದರೂ ಪಿನ್ ಹೊಡೆಯುವುದಿಲ್ಲ. ಇಷ್ಟು ತುಂಡುಗಳನ್ನು ಇವಳೊಬ್ಬಳೇ ಅಲ್ಲಿಂದ ತಂದು ಕೂಡಿಸಿರಲು ಸಾಧ್ಯವಿಲ್ಲ.

“ಚಪ್ಪಲಿ ಹಾಕ್ಕೋ, ಹೊರಡು” ಎಂದೆ.

*

ಸರ್ಕಾರಿ ದೊಡ್ಡಾಸ್ಪತ್ರೆಯ ಕೌಂಟರಿನ ಮುಂದೆ ಸಾಲು ಮೆಟ್ಟಿಲಿನ ತನಕ ಬೆಳೆದಿತ್ತು. ಕಬ್ಬಿಣದ ಜಾಲರಿಯ ಹಿಂದೆ ಫಾರ್ಮಸಿಸ್ಟ್, ಅವನ ಮೇಜಿಗೆ ದಾರದಿಂದ ಕಟ್ಟಿದ ಒಂದು ಕತ್ತರಿ. ಹತ್ತರ ಸ್ಟ್ರಿಪ್ಪನ್ನು ನಾಲ್ಕು, ನಾಲ್ಕು ಎಂದು ಕತ್ತರಿಸುತ್ತಿದ್ದ. ಮಿಕ್ಕ ಎರಡಕ್ಕೆ ಇನ್ನೊಂದು ಸ್ಟ್ರಿಪ್ಪಿನ ಎರಡು ಸೇರಿಸಿ ಪಿನ್ ಹೊಡೆಯುತ್ತಿದ್ದ. ಕತ್ತರಿಸಿದ ಪ್ರತಿ ಸಲವೂ, “ವಾರಕ್ಕೊಂದು, ವಾರಕ್ಕೊಂದು, ದಿನಾ ಅಲ್ಲ” ಎಂದು ಕೂಗುತ್ತಿದ್ದ. ಗಂಟಲು ಕಟ್ಟಿ ಹೋಗಿತ್ತು ಪಾಪ.

“ಒಬ್ಬರಿಗೆ ಎಷ್ಟು ಕೊಡ್ತೀರಿ?” ಎಂದು ಕೇಳಿದೆ.

“ತಿಂಗಳಿಗೆ ನಾಲ್ಕೇ ಮೇಡಂ. ನಮ್ಮಪ್ಪ ಬಂದ್ರೂ ಐದನೇದು ಇಲ್ಲ.”

“ಹಾಗಾದ್ರೆ ಒಬ್ಬರ ಮನೇಲಿ ಎಪ್ಪತ್ತಾರು ಹೇಗೆ ಸೇರುತ್ತೆ?”

ಅವನ ಕತ್ತರಿ ಗಾಳಿಯಲ್ಲೇ ನಿಂತಿತು. ಉತ್ತರ ಬಂದದ್ದು ನನ್ನ ಬೆನ್ನ ಹಿಂದಿನ ಸಾಲಿನಿಂದ.

“ಬಿಳೀ ಕೂದಲಿನ ಅಮ್ಮನ ವಿಷಯನಾ? ಊರುಗೋಲು ಹಿಡ್ಕೊಂಡು ಬರ್ತಿದ್ರಲ್ಲ?” ಬಟ್ಟೆ ಹೊಲಿಯುವವಳಿರಬೇಕು, ಸೆರಗಿನ ಅಂಚಿಗೆ ಸೂಜಿ ಚುಚ್ಚಿಕೊಂಡಿದ್ದಳು. “ಅವರಿಗೆ ನಾವೇ ಕೊಡ್ತಿದ್ವಿ. ನಾನು ಬರೋದು ಕೆಮ್ಮಿಗೆ, ಇವರು ಬರೆಯೋದು ವಿಟಮಿನ್ನು. ನನಗ್ಯಾಕೆ ಅದು? ಪಾಪ, ವಯಸ್ಸಾದವರು, ಈ ಬೆಂಚಲ್ಲಿ ಕೂತು ಬಂದವರನ್ನೆಲ್ಲ ಕೇಳ್ತಿದ್ರು. ತಮ್ಮ ಡಾಕ್ಟರು ದಿನಾ ಒಂದು ಬರೆದಿದ್ದಾರಂತೆ, ಇಲ್ಲಿ ಪುಕ್ಕಟೆಯಾದ್ರೂ ನಾಲ್ಕೇ ಕೊಡ್ತಾರಂತೆ, ಸಾಲಲ್ಲ ಅಂತ.”

“ನೀವು ಎಷ್ಟು ಸಲ ಕೊಟ್ರಿ?”

“ನಾನು ಎರಡು ಸಲ. ನಮ್ಮ ಅಕ್ಕ ಒಂದ್ಸಲ. ಅಗೋ, ಅಲ್ಲಿ ಕೂತಿರೋ ಅಮ್ಮನೂ ಕೊಟ್ಟಿದ್ದಾರೆ.” ಅವಳ ಮುಖ ಸಣ್ಣಗಾಯಿತು. “ಯಾಕೆ, ಅವರಿಗೆ ಏನಾದ್ರೂ ಆಯ್ತಾ?”

ಏನಂತ ಹೇಳಲಿ? ಕೊಟ್ಟ ಕೈಗಳೆಲ್ಲ ಒಳ್ಳೆಯವು. ಫಾರ್ಮಸಿಸ್ಟ್ ಕೂಗಿದ್ದು ಸಾಲಿನಲ್ಲಿ ನಿಂತವರಿಗೆ ಕೇಳಿಸಿತ್ತು. ಬೆಂಚಿನ ಮೇಲೆ ಕೂತು ಅವರಿಂದ ಇಸಿದುಕೊಂಡ, ಕಿವಿ ಮಂದವಾದ ಮುದುಕಿಗೆ ಕೇಳಿಸಿರಲಿಲ್ಲ. “ಹುಷಾರಿಲ್ಲ, ಅಷ್ಟೆ” ಎಂದು ಹೇಳಿ ಅಲ್ಲಿಂದ ಜಾರಿಕೊಂಡೆ.

ವಾರ್ಡಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕಣ್ಣ ಸುತ್ತ ಕಪ್ಪು ಕಟ್ಟಿದ್ದರೂ ಮಾತು ಮೃದು. ವಿಷಯ ಹೇಳಿದಾಗ ಗೋಡೆಗೆ ಒರಗಿಬಿಟ್ಟಳು.

“ನಮ್ಮ ಸ್ಟ್ರಿಪ್ಪುಗಳಾ? ಅಯ್ಯೋ ದೇವ್ರೇ.”

“ಎಲ್ಲರಿಗೂ ಯಾಕಮ್ಮ ಬರೀತೀರಿ?”

“ದಿನಕ್ಕೆ ನೂರ ನಲವತ್ತು ಜನ ಮೇಡಂ, ಒಬ್ಬೊಬ್ಬರಿಗೆ ಎರಡು ನಿಮಿಷ. ಎಲ್ಲರಿಗೂ ಮೈಕೈ ನೋವು, ಸುಸ್ತು. ಪರೀಕ್ಷೆ ಮಾಡಿ ಬರೆಯೋಣ ಅಂದ್ರೆ ಕಿಟ್ ಇರಲ್ಲ. ಬಸುರಿಗೆ ಬೇಕಾದ ಕಬ್ಬಿಣದ ಮಾತ್ರೆ ಕೇಳಿದ್ರೆ ಖಾಲಿ. ಇದು ಮಾತ್ರ ರಾಶಿ ಬಿದ್ದಿದೆ. ಬರೀ ಕೈಯಲ್ಲಿ ಹೇಗೆ ಕಳಿಸೋದು? ನಾಲ್ಕರಲ್ಲಿ ಏನೂ ಆಗಲ್ಲ ಅಂತ ಬರೀತೀವಿ.” ತಲೆ ತಗ್ಗಿಸಿದಳು. “ನಾಲ್ಕರಲ್ಲಿ ಆಗಲ್ಲ, ನಿಜ.”

ಹಿರಿಯಮ್ಮನ ಮಂಚದ ಪಕ್ಕದ ಕಪಾಟಿನಿಂದ ಪರ್ಸು ತೆಗೆದುಕೊಟ್ಟಳು. ಒಳಗೆ ನಾಲ್ಕು ಮಡಿಕೆಯ ಒಂದು ಚೀಟಿ. ಮೇಲೆ ಒಂದು ಖಾಸಗಿ ಕ್ಲಿನಿಕ್ಕಿನ ವಿಳಾಸ, ನಡುವೆ ಕೋಳಿ ಕಾಲಿನಂಥ ಬರಹದಲ್ಲಿ ಬಿಪಿ ಮಾತ್ರೆಯ ಹೆಸರು. ತೀರ ಕೆಳಗೆ ನೇರಳೆ ಶಾಯಿಯಲ್ಲಿ ಒಂದು ಸಾಲು: ವಿಟಮಿನ್, ದಿನಾ ಬೆಳಗ್ಗೆ ಒಂದು.

ಯಾವ ವಿಟಮಿನ್? ಬರೆದಿಲ್ಲ. ಬರೆಯುವುದೇನು, ಅದು ಬರಹವೇ ಅಲ್ಲ. ಅಕ್ಷರಗಳ ಸುತ್ತ ತೆಳ್ಳಗೆ ಚೌಕದ ಗುರುತಿತ್ತು. ರಬ್ಬರ್ ಸೀಲು!

ಹುಡುಗಿಯನ್ನು ತಬ್ಬಿಕೊಂಡೆ. “ಉಳಿದೆ ಕಣೇ ನೀನು.”

ಅವಳು ನನ್ನ ಹೆಗಲಿಗೆ ಮುಖ ಒತ್ತಿಕೊಂಡು ಬಿಕ್ಕಿದಳು. ಸಂತೋಷಕ್ಕೆ ಎಂದುಕೊಂಡೆ.

*

ಕ್ಲಿನಿಕ್ಕಿನ ಹೊರಗೆ ಮೆಟ್ಟಿಲ ಬಳಿ ಹುಡುಗಿಯನ್ನು ಕೂರಿಸಿ, ಠಾಣೆಗೆ ಫೋನು ಮಾಡಿ ಇಲ್ಲಿಗೇ ಬನ್ನಿ ಎಂದು ತಿಳಿಸಿ, ಹೆಸರು ಬರೆಸಿ ಸರದಿಯಲ್ಲಿ ಕೂತೆ. ಬೀದಿಯವರೆಲ್ಲ ಇಲ್ಲಿನ ಡಾಕ್ಟರನ್ನು ಟಾನಿಕ್ ಡಾಕ್ಟರು ಎನ್ನುತ್ತಾರೆ. ಒಳಗೆ ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ. ನನ್ನ ಸರದಿ ಬಂದಾಗ ಒಂದು ಗಂಟೆ ಹತ್ತು ನಿಮಿಷ.

“ಬನ್ನಿ ಬನ್ನಿ. ಏನು ತೊಂದ್ರೆ?” ಅರವತ್ತು ದಾಟಿದ ಮನುಷ್ಯ, ತುಂಬು ನಗು.

“ಮಂಡಿ ನೋವು ಡಾಕ್ಟ್ರೇ.”

ಮಂಡಿ ಒತ್ತಿ ನೋಡಿದರು. ಎರಡು ಪ್ರಶ್ನೆ ಕೇಳಿದರು. ಒಂದು ಸಾಲು ಗೀಚಿ ಹಾಳೆ ಹರಿದು ಕೊಟ್ಟರು. ಕೆಳಗೆ ಅದೇ ನೇರಳೆ ಸಾಲು.

“ಇದು ಯಾವಾಗ ಬಿತ್ತು ಡಾಕ್ಟ್ರೇ? ನೀವು ಸೀಲು ಮುಟ್ಟಿದ್ದನ್ನ ನಾನು ನೋಡಲಿಲ್ಲ.”

ನಗು ಸ್ವಲ್ಪ ಸಡಿಲವಾಯಿತು. ನಾನು ಕೈ ಚಾಚಿ ಅವರ ಪ್ಯಾಡನ್ನು ಎಳೆದುಕೊಂಡು ಹಾಳೆ ತಿರುವಿದೆ. ಎರಡನೆಯದು, ಹತ್ತನೆಯದು, ಕೊನೆಯದು. ಪ್ರತಿ ಹಾಳೆಯ ಕೆಳಗೂ ಸೀಲು ಬಿದ್ದೇ ಇತ್ತು. ಇನ್ನೂ ಕಾಯಿಲೆಯೇ ಬಾರದವರಿಗೆಲ್ಲ ಔಷಧಿ ತಯಾರಾಗಿ ಕೂತಿತ್ತು.

“ಯಾರು ನೀವು?”

ಹೇಳಿದೆ. ಯಾರ ದೊಡ್ಡಮ್ಮ ಎಂಬುದನ್ನೂ ಹೇಳಿದೆ. ಅವರು ಎದ್ದು ಬಾಗಿಲ ಚಿಲಕ ಹಾಕಿ ಬಂದು ಕೂತರು.

“ನೋಡಿ ಇನ್ಸ್‌ಪೆಕ್ಟರಮ್ಮ, ವಿಟಮಿನ್ ಬರೆಯೋದು ಅಪರಾಧ ಅಲ್ಲ. ಬರೀದೆ ಕಳಿಸಿದ್ರೆ ಜನ ಏನಂತಾರೆ ಗೊತ್ತಾ? ಈ ಡಾಕ್ಟರ ಹತ್ರ ಏನೂ ಇಲ್ಲ ಅಂತಾರೆ. ಶಕ್ತಿಗೆ ಏನಾದ್ರೂ ಕೊಡಿ ಅಂತ ಅವರೇ ಕೇಳ್ತಾರೆ. ದಿನಕ್ಕೆ ಅರವತ್ತು ಸಲ ಅದನ್ನೇ ಬರೆದೂ ಬರೆದೂ ಬೆರಳು ಮರಗಟ್ಟಿತು, ಸೀಲು ಮಾಡಿಸಿದೆ.”

“ಯಾವ ವಿಟಮಿನ್ ಅಂತ ಹಾಕೋಕೆ ಸೀಲಲ್ಲಿ ಜಾಗ ಇರಲಿಲ್ವಾ?”

“ಕಂಪನಿಯವರು ತಿಂಗಳಿಗೊಂದು ಹೊಸ ಹೆಸರು ತರ್ತಾರೆ. ಯಾವುದಿದ್ಯೋ ಅದನ್ನ ಪಕ್ಕದ ಅಂಗಡಿಯವನು ಕೊಡ್ತಾನೆ. ಎಲ್ಲಾ ದಿನಾ ತಗೊಳ್ಳೋ ಸಾಧಾರಣ ಮಾತ್ರೆಗಳೇ. ನನ್ನ ಅಂಗಡಿ ಮಾತ್ರೆಯಿಂದ ಯಾರಿಗೂ ಏನೂ ಆಗಿಲ್ಲ. ನಿಮ್ಮ ಬೀಗಿತ್ತಿ ಅಲ್ಲಿ ಹೋಗಿ ಅವರ ಕ್ಯಾಪ್ಸೂಲು ಕೂಡಿಹಾಕಿದ್ರೆ ನಾನೇನು ಮಾಡ್ಲಿ?”

ಮೈಯೆಲ್ಲ ಉರಿದುಹೋಯಿತು. “ಅವರೇನು ಔಷಧಿ ಓದಿದ್ರಾ? ನೀವು ವಿಟಮಿನ್ ಅಂದ್ರಿ, ಅಲ್ಲಿ ಕೊಟ್ಟಿದ್ದೂ ವಿಟಮಿನ್ನೇ. ನೀವು ದಿನಾ ಅಂದ್ರಿ, ಅವರು ದಿನಾ ನುಂಗಿದ್ರು. ಆ ದೊಡ್ಡ ಜೀವ ಬೆಂಚಲ್ಲಿ ಕೂತು ಬೇಡಿ ತಂದಿದ್ದು ನಿಮ್ಮ ಮಾತಿನ ಮೇಲಿನ ನಂಬಿಕೆಯಿಂದ. ನನ್ನ ಹುಡುಗಿ ಓದಿದ್ದೂ ನಿಮ್ಮ ಸೀಲನ್ನೇ. ಇನ್ನು ಅರ್ಧ ಗಂಟೇಲಿ ಈ ಪ್ಯಾಡು ಪೊಲೀಸರ ಕೈಲಿರುತ್ತೆ.”

ಡಾಕ್ಟರು ಹೆದರುತ್ತಾರೆ ಎಂದುಕೊಂಡಿದ್ದೆ. ಹೆದರಲಿಲ್ಲ. ಮೇಜಿನ ಖಾನೆಗೆ ಬೀಗ ತೆಗೆದು ಬರೆದದ್ದರ ನಕಲು ಉಳಿಯುವ ಒಂದು ಕಾರ್ಬನ್ ಪುಸ್ತಕ ಹೊರತೆಗೆದರು. ಹಾಳೆ ತಿರುವಿ ನನ್ನ ಮುಂದೆ ಇಟ್ಟು, ಕನ್ನಡಕ ಒರೆಸುತ್ತ ಕೂತರು.

“ಓದಿ.”

ದೊಡ್ಡಾಸ್ಪತ್ರೆಗೆ ಸೇರಿಸುವ ಮೂವತ್ತೈದು ದಿನ ಮೊದಲಿನ ತಾರೀಖು. ಈ ಸಲ ಬರಹ ಸ್ಪಷ್ಟವಾಗಿತ್ತು, ಹೆದರಿದವರು ಬರೆದ ಹಾಗೆ. ‘ವಿಟಮಿನ್ ಎಲ್ಲವನ್ನೂ ಇವತ್ತೇ ನಿಲ್ಲಿಸಿ. ತಗೊಳ್ಳುತ್ತಿರುವುದು ವಾರದ ಕ್ಯಾಪ್ಸೂಲ್, ದಿನದ್ದಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಪರೀಕ್ಷೆ ಕೂಡಲೇ ಆಗಬೇಕು. ತಡ ಮಾಡಿದರೆ ಕಿಡ್ನಿ ಹೋಗುತ್ತದೆ.’

“ಅವತ್ತು ಬಾಯಾರಿಕೆ, ವಾಂತಿ ಅಂತ ಬಂದ್ರು. ಕೈಯಲ್ಲಿ ಕತ್ತರಿಸಿದ ಸ್ಟ್ರಿಪ್ಪು. ನೋಡಿದ ಕೂಡಲೇ ನನ್ನ ಜೀವ ಬಾಯಿಗೆ ಬಂತು. ಅವರಿಗೆ ಕಿವಿ ಸರಿ ಕೇಳಿಸಲ್ಲ, ಜೊತೆಗೆ ಬಂದವರನ್ನ ಕೂರಿಸಿ ಮೂರು ಸಲ ಹೇಳಿದೆ. ಪತ್ರ ಕೈಗೆ ಕೊಟ್ಟು ಸಹಿ ಹಾಕಿಸ್ಕೊಂಡೆ. ಕೆಳಗೆ ನೋಡಿ.”

ಕೆಳಗೆ ನೋಡಿದೆ.

ಸಹಿಯ ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಇಡೀ ಹೆಸರಿಗೆ ಅಡಿಗೆರೆ ಹಾಕಿತ್ತು. ಹಾಗೆ ಎಳೆಯುವುದನ್ನು ಏಳು ವರ್ಷದ ಮಗುವಿಗೆ ಕೈಹಿಡಿದು ಕಲಿಸಿದವಳು ನಾನು. ನನ್ನ ಸಹಿಯೂ ಹಾಗೆಯೇ ಇದೆ.

ಮೂವತ್ತೈದು ದಿನ. ಪತ್ರ ಓದಿದ ಮೇಲೂ ಮೂವತ್ತೈದು ಬೆಳಗ್ಗೆ, ತಿಂಡಿ ಆದ ಮೇಲೆ, ನೀರಿನ ಜೊತೆ.

“ಪೊಲೀಸರಿಗೆ ಯಾಕೆ ಹೇಳಲಿಲ್ಲ?” ಎಂದೆ.

“ಕೇಳಲಿಲ್ಲ, ಹೇಳಲಿಲ್ಲ. ಈ ಪತ್ರ ತೋರಿಸಿದ್ರೆ ದಿನಾ ಅಂತ ಬರೆದವರು ಯಾರು ಅನ್ನೋ ಮಾತು ಬರುತ್ತೆ. ಸೀಲು ಹೊರಗೆ ಬರುತ್ತೆ.” ಪುಸ್ತಕ ಮುಚ್ಚಿದರು. “ನೀವು ಸೀಲಿನ ಬಗ್ಗೆ ಮಾತಾಡ್ಬೇಡಿ, ನಾನು ಪತ್ರದ ಬಗ್ಗೆ ಮಾತಾಡಲ್ಲ. ನನ್ನ ಕ್ಲಿನಿಕ್ಕೂ ಉಳಿಯುತ್ತೆ, ನಿಮ್ಮ ಹುಡುಗೀನೂ ಉಳೀತಾಳೆ. ಯಾರೋ ಏನೋ ಗೊತ್ತಿಲ್ದೆ ಮಾಡಿದ ತಪ್ಪು ಅಂತ ಆಗ್ಲಿ.”

“ಸೀಲು?”

“ಇನ್ಮೇಲೆ ನೋಡ್ಕೊಂಡು ಹಾಕ್ತೀನಿ.”

ನೋಡಿಕೊಂಡು ಹಾಕುತ್ತಾರಂತೆ! ಆಗಲೇ ಹಾಕಿ ಕಳಿಸಿದ ಚೀಟಿಗಳು ಎಷ್ಟು ಮನೆಯಲ್ಲಿವೆ, ಎಷ್ಟು ಬೆಂಚಿನ ಮೇಲೆ ಎಷ್ಟು ಜನ ಕೂತು ಕ್ಯಾಪ್ಸೂಲು ಕೇಳುತ್ತಿದ್ದಾರೆ? ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಚಿಲಕ ತೆಗೆದು ಹೊರಗೆ ಬಂದೆ.

ಮೆಟ್ಟಿಲ ಬಳಿ ಹುಡುಗಿ ತಟ್ಟನೆ ಎದ್ದಳು. “ಏನಂದ್ರು ದೊಡ್ಡಮ್ಮ? ಒಪ್ಕೊಂಡ್ರಾ?”

“ನೀನು ಯಾವತ್ತಾದ್ರೂ ಅತ್ತೆ ಜೊತೆ ಇಲ್ಲಿಗೆ ಬಂದಿದ್ಯಾ?”

“ಇಲ್ಲ.”

“ಒಂದ್ಸಲನೂ?”

“ಇಲ್ಲ ದೊಡ್ಡಮ್ಮ. ಅವರೊಬ್ರೇ ಬರ್ತಿದ್ರು.” ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಚಿಕ್ಕವಳಿದ್ದಾಗ ಸುಳ್ಳು ಹೇಳಲು ಇವಳಿಗೆ ಬರುತ್ತಲೇ ಇರಲಿಲ್ಲ, ಕಿವಿ ಕೆಂಪಾಗುತ್ತಿತ್ತು. ಈಗ ಕಿವಿಯೂ ಕೆಂಪಾಗಲಿಲ್ಲ.

ಜೀಪು ಬಂದು ನಿಂತಿತು. ಸಾಹೇಬರು ಇಳಿದು ಟೋಪಿ ತೆಗೆದು ಬೆವರು ಒರೆಸಿಕೊಂಡರು. “ಏನಾದ್ರೂ ಸಿಕ್ತಾ ಮೇಡಂ?”

ಹುಡುಗಿಯ ಬೆರಳುಗಳು ನನ್ನ ಮುಂಗೈಯನ್ನು ಹಿಡಿದವು. ತಣ್ಣಗೆ, ಬಿಗಿಯಾಗಿ. ಶಾಲೆಯ ಮೊದಲ ದಿನವೂ ಹೀಗೇ ಹಿಡಿದಿದ್ದಳು.

“ಇಲ್ಲ. ಏನೂ ಸಿಗಲಿಲ್ಲ” ಎಂದೆ.

ಮೂವತ್ತೊಂದು ವರ್ಷದಲ್ಲಿ ಒಂದೂ ಸುಳ್ಳು ವರದಿ ಬರೆದವಳಲ್ಲ ನಾನು.

“ಹಾಗಾದ್ರೆ...” ಎಂದು ಸಾಹೇಬರು ಶುರುಮಾಡುವಷ್ಟರಲ್ಲಿ ಕ್ಲಿನಿಕ್ಕಿನ ಬಾಗಿಲಿನಿಂದ ಒಬ್ಬ ಮುದುಕರು ಒಂದೊಂದೇ ಮೆಟ್ಟಿಲು ಇಳಿದು ನೇರ ನನ್ನ ಹತ್ತಿರ ಬಂದರು. ಒಂದು ಕೈಯಲ್ಲಿ ಈಗಷ್ಟೇ ಹರಿದ ಚೀಟಿ. ಇನ್ನೊಂದು ಕೈಯಲ್ಲಿ, ಅಂಗಿಯ ಜೇಬಿನಿಂದ ತೆಗೆದ, ಕತ್ತರಿಸಿದ ನಾಲ್ಕರ ತುಂಡು.

“ನೀವು ಔಷಧಿ ಇನ್ಸ್‌ಪೆಕ್ಟರಮ್ಮ ಅಲ್ವಾ ತಾಯಿ? ಒಂದು ಕೇಳ್ತೀನಿ. ಇಲ್ಲಿ ವಿಟಮಿನ್ ದಿನಾ ಒಂದು ಅಂತ ಕೊಟ್ಟಿದ್ದಾರೆ. ದೊಡ್ಡಾಸ್ಪತ್ರೇದು ಮನೇಲಿ ಇನ್ನೂ ಇಪ್ಪತ್ತಿದೆ. ಇದನ್ನೇ ನುಂಗಿದ್ರೆ ಆಯ್ತಲ್ಲ, ಎರಡೂ ಒಂದೇ ಅಲ್ವಾ?”

ಹೌದು ಎಂದರೆ ಅವರು ಹೊರಟುಹೋಗುತ್ತಿದ್ದರು. ಸುಮ್ಮನಿದ್ದರೂ ಹೋಗುತ್ತಿದ್ದರು. ಹುಡುಗಿಯ ಉಗುರು ನನ್ನ ಚರ್ಮಕ್ಕೆ ಇಳಿಯಿತು.

“ಒಂದೇ ಅಲ್ಲ” ಎಂದೆ. “ಇದನ್ನ ದಿನಾ ನುಂಗಬೇಡಿ. ಕಿಡ್ನಿ ಹೋಗುತ್ತೆ. ಇಲ್ಲಿ ಕೊಡಿ ಅದನ್ನ.”

ನಾನು ಕೈಚಾಚಿದ್ದು ಸ್ಟ್ರಿಪ್ಪಿಗೆ. ಅಷ್ಟರಲ್ಲಿ ಸಾಹೇಬರ ಕೈ ಚೀಟಿಗೆ ಹೋಗಿತ್ತು. ಬಿಸಿಲಿಗೆ ಹಿಡಿದು ಕೆಳಗಿನ ನೇರಳೆ ಸಾಲನ್ನು ಓದಿದರು. ಬೆರಳಿನಲ್ಲಿ ಉಜ್ಜಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ಏನೂ ಸಿಗಲಿಲ್ಲ ಅಂದ್ರಿ” ಎಂದರು. ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಲು ಶುರುಮಾಡಿದರು.

ನನ್ನ ಮುಂಗೈ ಬಿಟ್ಟು ಹುಡುಗಿ ನನ್ನ ಎದುರಿಗೆ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಅವರನ್ನ ಒಳಗೆ ಬಿಡಬೇಡಿ ದೊಡ್ಡಮ್ಮ” ಎಂದಳು. “ಆ ಕಾರ್ಬನ್ ಪುಸ್ತಕ ಇನ್ನೂ ಅಲ್ಲೇ ಇದೆ.”